ಪೆರೋ ಮತ ಒಡೆದದ್ದರಿಂದ ಬುಷ್ ಸೋತರೇ?

ಪ್ರಶ್ನೆ: 1992ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಟೆಕ್ಸಸ್‌ನ ಉದ್ಯಮಿ ರಾಸ್ ಪೆರೋ ಪಕ್ಷೇತರರಾಗಿ ನಿಲ್ಲದಿದ್ದರೆ ಆಗ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್ ಗೆಲ್ಲುತ್ತಿದ್ದರಲ್ಲವೇ?

ಉತ್ತರ: ಎಷ್ಟು ಬಾರಿ ಉತ್ತರಿಸಿದರೂ ಈ ಪ್ರಶ್ನೆ ಮರಳಿ ಬರುತ್ತಿರುವುದರಿಂದ ಲೆಕ್ಕವನ್ನೇ ಮುಂದಿಡುತ್ತೇನೆ. ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್‌ ಶೇ 43, ಬುಷ್‌ ಶೇ 37.4, ಪೆರೋ ಶೇ 18.9ರಷ್ಟು ಮತ ಪಡೆದರು. ಕೊನೆಯ ಎರಡನ್ನು ಕೂಡಿಸಿ ಬುಷ್ ಗೆದ್ದಂತೆಯೇ ಎಂದು ಸಾರುವ ಟಿ.ವಿ. ಪಂಡಿತರು, ಪೆರೋ ಬೆಂಬಲಿಗರೆಲ್ಲ ಬುಷ್ ಕಡೆಯವರೇ ಎಂದು ಆಧಾರವಿಲ್ಲದೆ ನಂಬಿರುತ್ತಾರೆ. ಮತ ಹಾಕಿ ಹೊರಬಂದವರನ್ನು ಅಂದೇ ವಿಚಾರಿಸಿದಾಗ, ಪೆರೋ ಕಣದಲ್ಲಿಲ್ಲದಿದ್ದರೆ ಬುಷ್‌ಗೆ ಹಾಕುತ್ತಿದ್ದೆವು ಎಂದ ಪೆರೋ ಮತದಾರರೂ ಕ್ಲಿಂಟನ್‌ಗೆ ಹಾಕುತ್ತಿದ್ದೆವು ಎಂದವರೂ ಹೆಚ್ಚುಕಡಿಮೆ ಸಮಸಮವಾಗಿದ್ದರು. ಉಳಿದವರಲ್ಲಿ ಹಲವರು ಮತಗಟ್ಟೆಗೇ ಬರುತ್ತಿರಲಿಲ್ಲ. ಅಲ್ಪ ಅಂತರದಲ್ಲಿ ಕೈತಪ್ಪಿದ ಒಹಾಯೊ ರಾಜ್ಯದ 21 ಎಲೆಕ್ಟೋರಲ್ ಮತಗಳು (ಅಧ್ಯಕ್ಷರನ್ನು ನಿರ್ಧರಿಸುವ ಈ ಮತಗಳು ಬಹುತೇಕ ರಾಜ್ಯಗಳಲ್ಲಿ ಮೊದಲಿಗರಾದವರಿಗೇ ಪೂರ್ತಿಯಾಗಿ ಸಿಗುತ್ತವೆ) ಬುಷ್‌ಗೆ ದಕ್ಕುತ್ತಿದ್ದವೆಂದೇ ಇಟ್ಟುಕೊಂಡರೂ, ಅವರ 168 ಮತಗಳು 189 ಆಗುತ್ತಿದ್ದವೇ ಹೊರತು ಗೆಲುವಿಗೆ ಬೇಕಾದ 270ರ ಹತ್ತಿರಕ್ಕೂ ಬರುತ್ತಿರಲಿಲ್ಲ. ಬುಷ್ ಅವರನ್ನು ಸೋಲಿಸಿದ್ದು ಕುಗ್ಗಿದ ಆರ್ಥಿಕತೆ ಮತ್ತು ಹೊಸ ತೆರಿಗೆ ಹಾಕುವುದಿಲ್ಲವೆಂದು ಕೊಟ್ಟು ಮುರಿದ ಮಾತು.

ಪೆರೋ ತಮ್ಮ ಅವಕಾಶವನ್ನು ತಾವೇ ಕಳೆದುಕೊಂಡರು ಎಂಬುದೇ ನನ್ನ ಖಚಿತ ಅಭಿಪ್ರಾಯ. ಜೂನ್‌ನ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 39ರ ಬೆಂಬಲದೊಂದಿಗೆ ಇಬ್ಬರನ್ನೂ ಹಿಂದಿಕ್ಕಿದ್ದ ಅವರು, ತಮ್ಮನ್ನು ಕಣಕ್ಕಿಳಿಸಲು ರಾಜ್ಯ ರಾಜ್ಯಗಳಲ್ಲಿ ಸಹಿ ಸಂಗ್ರಹಿಸಿದ ಸ್ವಯಂಸೇವಕರನ್ನು ಜುಲೈ 16ರಂದು ನಡುನೀರಿನಲ್ಲಿ ಬಿಟ್ಟು ಹಿಂದೆ ಸರಿದು, ಅಕ್ಟೋಬರ್ 1ರಂದು ಮತ್ತೆ ಬಂದರು. ಹಾಗಿದ್ದೂ ತಮ್ಮದೇ ಹಣದಲ್ಲಿ ಟಿ.ವಿ.ಯ ಅರ್ಧ ಗಂಟೆಯ ಅವಧಿಗಳನ್ನು ಕೊಂಡು, ಅಂಕಿಅಂಶಗಳ ರೇಖಾಚಿತ್ರಗಳನ್ನು ಹಿಡಿದು ಸರ್ಕಾರದ ಸಾಲವನ್ನು ವಿವರಿಸಿದ ಅವರಿಗೆ ಸುಮಾರು 1.97 ಕೋಟಿ ಜನ ಮತ ಕೊಟ್ಟರು. ಅವನ್ನು ಬೇರೊಬ್ಬರಿಂದ ಕದ್ದ ಮತಗಳೆಂದು ಕರೆಯುವುದು ಆ ಮತದಾರರಿಗೆ ಮಾಡುವ ಅವಮಾನ.

ಪ್ರಶ್ನೆ: ಇಷ್ಟು ಮತ ಬಂದರೂ ಒಂದೂ ಎಲೆಕ್ಟೋರಲ್ ಮತ ಸಿಗಲಿಲ್ಲವೆಂದರೆ ಎಣಿಕೆಯಲ್ಲಿ ಮೋಸವಾಗಿರಬೇಕಲ್ಲವೇ?

ಉತ್ತರ: ಇಲ್ಲ, ಪೆರೋ ಯಾವ ರಾಜ್ಯದಲ್ಲಿಯೂ ಮೊದಲಿಗರಾಗಲಿಲ್ಲ, 1968ರಲ್ಲಿ ಶೇ 13.5ರಷ್ಟೇ ಮತ ಪಡೆದ ಮೂರನೆಯ ಅಭ್ಯರ್ಥಿ ಜಾರ್ಜ್ ವ್ಯಾಲೇಸ್‌ಗೆ 46 ಎಲೆಕ್ಟೋರಲ್ ಮತ ದಕ್ಕಿದ್ದು ಅವರ ಬಲ ದಕ್ಷಿಣದ ರಾಜ್ಯಗಳಲ್ಲಿ ಒಟ್ಟಾಗಿದ್ದುದರಿಂದ.

ಪ್ರಶ್ನೆ: ಕಂಪನಿ ನಡೆಸಿದವರು ದೇಶವನ್ನೂ ಚೆನ್ನಾಗಿ ನಡೆಸುತ್ತಾರಲ್ಲವೇ?

ಉತ್ತರ: ಕಂಪನಿಯ ಒಡೆಯ ಮಾತು ಕೇಳದ ನೌಕರರನ್ನು ತೆಗೆಯಬಹುದು, ಆದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರನ್ನು ಕೆಲಸದಿಂದ ತೆಗೆಯುವ ಅಧಿಕಾರ ಅಧ್ಯಕ್ಷರಿಗಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಭಾರತೀಯ ತಂದೆತಾಯಿಗೆ ಹುಟ್ಟಿ, ಈಗ ಅಮೆರಿಕದ ಪೌರತ್ವ ಪಡೆದ ನನ್ನ ಅಣ್ಣ ಅಲ್ಲಿ ಉದ್ಯಮಿ. ಅವರು ಸ್ಪರ್ಧಿಸಬಹುದೇ?

ಉತ್ತರ: ಆಗದು. ಅಧ್ಯಕ್ಷರಾಗುವವರು ಹುಟ್ಟಿನಿಂದಲೇ ಅಮೆರಿಕದ ಪೌರರಾಗಿರಬೇಕೆಂದು ಸಂವಿಧಾನ ಹೇಳುತ್ತದೆ. ಹಣ ಪಡೆದು ಬೇರೆ ದಾರಿ ತೋರಿಸುತ್ತೇನೆ ಎನ್ನುವ ಸಲಹೆಗಾರರನ್ನು ದಯವಿಟ್ಟು ನಂಬಬೇಡಿ.