ಮ್ಯಾನಟೀ ಫೋಟೋ ಹೊಂದಿಸುವ ಕೆಲಸ ಬಿಟ್ಟು ಟ್ಯಾಗ್ ತಂಡಕ್ಕೆ ಹೋಗಲಾ?

ದಿನವಿಡೀ ಮ್ಯಾನಟೀ (ನೀರಲ್ಲೇ ಬದುಕುವ, ಹುಲ್ಲು ತಿನ್ನುವ ದೊಡ್ಡ ಸಸ್ತನಿ) ಫೋಟೋ ಹೋಲಿಸೋದು ಬೇಜಾರು, ಸ್ಯಾಟಲೈಟ್ ಟ್ಯಾಗ್ ಹಾಕುವ ತಂಡಕ್ಕೆ ಸೇರಿದರೆ ನಿಜವಾದ ಸಂಶೋಧನೆ ಮಾಡಿದ ಹಾಗಾಗುತ್ತಾ ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ಫ್ಲಾರಿಡಾದಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ಹೋಗಬೇಡಿ. ಈಗಲೇ ಬೇಡ.

ನಾನು ಸೇರಿದ್ದು ಚಳಿಗಾಲದಲ್ಲಿ. ನೀರು 20 ಡಿಗ್ರಿಗಿಂತ ತಣ್ಣಗಾದರೆ ಮ್ಯಾನಟೀಗಳಿಗೆ ತಡೆಯಲ್ಲ. ಬೆಚ್ಚಗಿನ ಚಿಲುಮೆಗಳಿಗೆ, ವಿದ್ಯುತ್ ಸ್ಥಾವರಗಳ ಬಿಸಿನೀರು ಹರಿಯುವ ಕಾಲುವೆಗಳಿಗೆ ಬಂದು ಸೇರುತ್ತವೆ. ಬೆಳಗ್ಗೆ ಚಿಲುಮೆಯ ಮೇಲೆ ಹಬೆ ಏಳುತ್ತಿರುತ್ತೆ. ಕೆಳಗೆ ತಿಳಿನೀರಲ್ಲಿ ಬೂದು ಬಂಡೆಗಳ ಹಾಗೆ ಮಲಗಿರುತ್ತವೆ. ಒಂದು ಮೆಲ್ಲಗೆ ಮೇಲೆ ಬಂದು, ಮೂಗಿನ ಹೊಳ್ಳೆ ತೆರೆದು, ಫುಸ್ ಅಂತ ಉಸಿರು ಬಿಟ್ಟು ಮತ್ತೆ ಇಳಿಯುತ್ತೆ. ಇದನ್ನು ನೋಡಿದ ಮೇಲೆ ಕಂಪ್ಯೂಟರ್ ಮುಂದೆ ಕೂರಲು ಯಾರಿಗೂ ಮನಸ್ಸಾಗಲ್ಲ, ಒಪ್ಪುತ್ತೇನೆ.

ನನಗೂ ಕೂರುವ ಕೆಲಸವನ್ನೇ ಕೊಟ್ಟರು. ದೋಣಿಯ ಪ್ರೊಪೆಲರ್ ಕೊಯ್ದ ಕಲೆಗಳೇ ಈ ಪ್ರಾಣಿಗಳ ಗುರುತು ಅಂತ ನಿಮಗೂ ಗೊತ್ತು. 2007ರಿಂದ 2016ರವರೆಗೆ ಫ್ಲಾರಿಡಾದಲ್ಲಿ ಸತ್ತು ಸಿಕ್ಕ ದೊಡ್ಡ ಮ್ಯಾನಟೀಗಳ ಮೈ ನೋಡಿದಾಗ, ನಾಲ್ಕರಲ್ಲಿ ಒಂದಕ್ಕೆ ಹತ್ತು ಅಥವಾ ಅದಕ್ಕೂ ಜಾಸ್ತಿ ಸಲ ದೋಣಿ ಬಡಿದ ಗುರುತು ಇತ್ತು. ನಮ್ಮ ಕ್ಯಾಟಲಾಗ್, ಅಂದರೆ ಗುರುತು ಹಿಡಿದ ಪ್ರಾಣಿಗಳ ಫೋಟೋ ಪಟ್ಟಿ, ತುಂಬಿರುವುದು ಆ ನೋವಿನಿಂದಲೇ. ಅದನ್ನು ಬೇಜಾರಿನ ಕೆಲಸ ಅಂದುಕೊಂಡಿದ್ದೆನಲ್ಲ, ತಪ್ಪಿನ ಬೀಜ ಅಲ್ಲೇ ಇತ್ತು.

ಆ ತಪ್ಪನ್ನು ಪೂರ್ತಿ ಹೇಳುತ್ತೇನೆ. ಕ್ಯಾಟಲಾಗಿನಲ್ಲಿ ಒಂದು ಹೆಣ್ಣಿತ್ತು. ಬೆನ್ನಿನ ಬಲಗಡೆ ಮೂರು ಓರೆ ಕಲೆ, ಪಕ್ಕಪಕ್ಕದಲ್ಲಿ. ಬಾಲದ ಎಡ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಒಂದು ಕಚ್ಚು. ಫೆಬ್ರವರಿಯಲ್ಲಿ ಬಂದ ಫೋಟೋಗಳಲ್ಲಿ ಅಂಥದೇ ಮೂರು ಕಲೆ ಕಂಡಿತು. ಅದೇ ಓರೆ, ಅಷ್ಟೇ ಅಂತರ. ಸಂಜೆ ಆರು ಗಂಟೆ, ಖುಷಿಯಾಗಿಬಿಟ್ಟಿತು. ಬಾಲದ ಫೋಟೋ ತೆರೆದೆ, ಕೆಸರು ಎದ್ದು ಏನೂ ಕಾಣುತ್ತಿರಲಿಲ್ಲ. ‘ಬಾಲ ಸ್ಪಷ್ಟವಿಲ್ಲ’ ಅಂತ ಬರೆದು, ಅದೇ ಹೆಣ್ಣು ಅಂತ ಹೊಂದಿಸಿ ಎದ್ದುಬಿಟ್ಟೆ. ಅದೇ ಸಾಲಿನಲ್ಲಿ ಇನ್ನೂ ನಾಲ್ಕು ಫೋಟೋ ಇದ್ದವು. ಕೊನೆಯದರಲ್ಲಿ ಬಾಲ ಚೆನ್ನಾಗಿ ಕಾಣುತ್ತಿತ್ತು. ಅಂಚು ಎಲ್ಲೂ ಮುರಿಯದೆ, ದುಂಡಗೆ, ಪೂರ್ತಿ ಇತ್ತು.

ಇದು ಯಾಕೆ ಅಷ್ಟು ದೊಡ್ಡ ತಪ್ಪು ಗೊತ್ತಾ? ಹಳೇ ಕಲೆಯ ಮೇಲೆ ಹೊಸ ಗಾಯ ಬೀಳಬಹುದು. ಪಾಚಿ ಬೆಳೆದು ಕಲೆ ಮುಚ್ಚಬಹುದು. ಆದರೆ ಬಾಲದಿಂದ ಹೋದ ತುಂಡು ಮತ್ತೆ ಬೆಳೆಯಲ್ಲ. ಕಚ್ಚು ಇದ್ದ ಬಾಲ ಪೂರ್ತಿ ಆಗಲು ಸಾಧ್ಯವೇ ಇಲ್ಲ. ಒಂದೇ ಒಂದು ಫೋಟೋ ತೆರೆದಿದ್ದರೆ ಸಾಕಿತ್ತು.

ಮುಂದಿನ ಎರಡು ಚಳಿಗಾಲ ಈ ಹೊಸ ಪ್ರಾಣಿ ಬಂದಾಗಲೆಲ್ಲ ಹಳೆಯದರ ಲೆಕ್ಕಕ್ಕೇ ಸೇರಿತು. ಆಮೇಲೆ ಸತ್ತ ಪ್ರಾಣಿಗಳ ಹಳೇ ಕಡತ ನೋಡುತ್ತಿದ್ದ ಸಹೋದ್ಯೋಗಿಯೊಬ್ಬರು ಒಂದು ಫೋಟೋ ತಂದು ನನ್ನ ಮೇಜಿನ ಮೇಲಿಟ್ಟರು. ಚರ್ಮ ಅರ್ಧ ಕಿತ್ತುಹೋಗಿತ್ತು, ಬಾಲದ ಅರ್ಧಚಂದ್ರ ಮಾತ್ರ ಹಾಗೇ ಇತ್ತು. ನಾನು ‘ನೋಡಿದ’ ದಿನಕ್ಕಿಂತ ಹದಿನಾಲ್ಕು ತಿಂಗಳ ಮೊದಲೇ ಆ ಹೆಣ್ಣು ಸತ್ತಿತ್ತು. ನನ್ನ ಕಡತದಲ್ಲಿ ಮೂರು ಚಳಿಗಾಲ ಬದುಕಿತ್ತು.

ನಾನು ಹೊಂದಿಸಿದ್ದನ್ನೆಲ್ಲ ಮತ್ತೆ ಮೊದಲಿಂದ ನೋಡಬೇಕಾಯಿತು. ಪ್ರಬಂಧ ಒಂದು ವರ್ಷ ಹಿಂದೆ ಬಿತ್ತು. ಅಷ್ಟು ಆಸೆಪಟ್ಟಿದ್ದ ಟ್ಯಾಗ್ ಕೆಲಸವೂ ಆ ವರ್ಷ ಕೈತಪ್ಪಿತು.

ವಿಷಯ ಬರೀ ನನ್ನ ಪ್ರಬಂಧದ್ದಲ್ಲ. ಸತ್ತದ್ದು ಬದುಕಿದೆ ಅಂತ ಬರೆದರೆ, ಪ್ರತಿ ವರ್ಷ ನೂರರಲ್ಲಿ ಎಷ್ಟು ಉಳಿಯುತ್ತವೆ ಅನ್ನೋ ಲೆಕ್ಕ ಸುಮ್ನೆ ಏರುತ್ತೆ. ಒಂದನ್ನೇ ಎರಡು ಅಂತ ಬರೆದರೆ ಹಳೆಯದು ಕಾಣೆಯಾದ ಹಾಗಾಗಿ ಲೆಕ್ಕ ಇಳಿಯುತ್ತೆ. ಮ್ಯಾನಟೀ ಮರಿಯನ್ನು ಹೊಟ್ಟೆಯಲ್ಲಿ ಹೊರುವುದೇ ಸುಮಾರು ಒಂದು ವರ್ಷ. ಆಮೇಲೆ ಮುಂದಿನ ಮರಿಗೆ ಎರಡರಿಂದ ಐದು ವರ್ಷ ಬೇಕು. ಹೀಗಿರುವಾಗ ದೊಡ್ಡವು ಉಳಿಯುವ ಲೆಕ್ಕ ಚೂರು ಆಚೀಚೆ ಆದರೂ ಮುಂದಿನ ಅಂದಾಜೆಲ್ಲ ಬದಲಾಗುತ್ತೆ. 2017ರಲ್ಲಿ ಅಮೆರಿಕ ಸರ್ಕಾರ ಇವುಗಳನ್ನು ಅಳಿವಿನಂಚಿನ ಪಟ್ಟಿಯಿಂದ ಒಂದು ಹಂತ ಕಡಿಮೆ ಅಪಾಯದ ಪಟ್ಟಿಗೆ ಇಳಿಸಿದಾಗ ನೋಡಿದ್ದು ಇಂಥ ಲೆಕ್ಕಗಳನ್ನೇ. ನಾಲ್ಕೇ ವರ್ಷದಲ್ಲಿ, 2021ರಲ್ಲಿ, ಫ್ಲಾರಿಡಾದಲ್ಲಿ ಸುಮಾರು 1,100 ಮ್ಯಾನಟೀ ಸತ್ತವು. ಅಲ್ಲಿನ ಪೂರ್ವ ಕರಾವಳಿಯ ಹಿನ್ನೀರಾದ ಇಂಡಿಯನ್ ರಿವರ್ ಲಗೂನಿನಲ್ಲಿ ಪಾಚಿ ಹಬ್ಬಿ, ಬಿಸಿಲು ತಲುಪದೆ ಕಡಲಹುಲ್ಲು ಸತ್ತುಹೋಗಿತ್ತು. ಎಷ್ಟೋ ಪ್ರಾಣಿಗಳು ಹಸಿವಿನಿಂದಲೇ ಸತ್ತವು. ಅವುಗಳಲ್ಲಿ ಯಾರು ಉಳಿದರು ಅಂತ ಹೇಳೋದು ಯಾರು? ನಿಮ್ಮ ಮೇಜು.

ಟ್ಯಾಗ್ ಕೆಲಸ ಕೀಳು ಅಂತಲ್ಲ. ಬಾಲದ ಬುಡಕ್ಕೆ ಪಟ್ಟಿ ಕಟ್ಟಿ, ಹಿಂದೆ ತೇಲುವ ಟ್ಯಾಗ್ ಬಿಟ್ಟರೆ ಆ ಪ್ರಾಣಿ ಎಲ್ಲಿ ತಿಂದಿತು, ಯಾವ ದಾರಿ ಹಿಡಿಯಿತು ಎಲ್ಲ ಗೊತ್ತಾಗುತ್ತೆ. ಆದರೆ ಅದು ಕೆಲವೇ ಪ್ರಾಣಿಗಳ ಕೆಲವು ತಿಂಗಳ ಕಥೆ. ಫೋಟೋ ಮೂವತ್ತು ವರ್ಷದ ಕಥೆ ಹೇಳುತ್ತೆ. ಅದಕ್ಕೇ, ಯಾವುದು ‘ನಿಜವಾದ’ ಸಂಶೋಧನೆ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ.

ಎರಡು ಚಳಿಗಾಲ ಅಲ್ಲೇ ಕೂತಿರಿ. ಬಾಲದ ಫೋಟೋ ಮೊದಲು ತೆರೆಯಿರಿ. ಕಲೆಗಳನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ಕೈ ಬರೆದಾಗ ಕಣ್ಣಿಗೆ ಬೇರೆಯೇ ಕಾಣುತ್ತೆ. ನಿಮ್ಮ ಉತ್ತರ ತಿಳಿಯದ ಇನ್ನೊಬ್ಬರಿಂದ ನೋಡಿಸಿ. ‘ಖಚಿತವಿಲ್ಲ’ ಅಂತ ಬರೆಯಲು ನಾಚಬೇಡಿ.

ದುಂಡು ಬಾಲದ ಆ ಹೆಣ್ಣಿಗೆ ಆಮೇಲೆ ಅದರದೇ ಸಂಖ್ಯೆ ಕೊಟ್ಟೆವು. ಮರುವರ್ಷ ಮರಿಯ ಜೊತೆ ಬಂತು. ಮರಿಯ ಬೆನ್ನ ಮೇಲೆ ಒಂದೂ ಕಲೆ ಇರಲಿಲ್ಲ, ಹಾಗಾಗಿ ಅದಕ್ಕೆ ಸಂಖ್ಯೆಯೂ ಇರಲಿಲ್ಲ.