ಕಡಪಾ, ಶಹಾಬಾದ್ ನೆಲಕ್ಕೆ ಸೀಲರ್: ಡಬ್ಬಿ ಕೊಳ್ಳುವ ಮೊದಲು ನೋಡಬೇಕಾದ್ದು

ನಡುಮನೆಯ ಕಪ್ಪು ಕಡಪಾ ಕಲ್ಲು ಬೂದಿ ಬಣ್ಣಕ್ಕೆ ತಿರುಗಿದೆ, ಹೊರಜಗಲಿಗೆ ಒರಟು ಶಹಾಬಾದ್ ಕಲ್ಲು ಹಾಸಿದೆ, ಅಂಗಡಿಯವರು ಎರಡಕ್ಕೂ ಗ್ಲಾಸಿ ಕೋಟ್ ಹೊಡೆಸಿ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನೆಲಮಹಡಿ ಎಂದೂ ಬರೆದಿದ್ದೀರಿ. ಹಾಗಿದ್ದರೆ ಗ್ಲಾಸಿ ಕೋಟ್ ಬೇಡವೇ ಬೇಡ.

ಅಕ್ರಿಲಿಕ್, ಪಿಯು (ಪಾಲಿಯುರೆಥೇನ್) ತರಹದ ಗ್ಲಾಸಿ ಕೋಟ್‌ಗಳು ಕಲ್ಲಿನ ಮೇಲೆ ಪ್ಲಾಸ್ಟಿಕ್ ಪದರ ಕಟ್ಟುತ್ತವೆ. ಹಳೆಯ ಮನೆಗಳಲ್ಲಿ ಕಲ್ಲಿನ ಕೆಳಗೆ ತೇವ ತಡೆಯುವ ಹಾಳೆ ಇರುವುದು ಅಪರೂಪ, ಹಾಗಾಗಿ ಮಣ್ಣಿನ ತೇವ ಮೇಲೇರುತ್ತಲೇ ಇರುತ್ತದೆ. ಪದರ ಅದಕ್ಕೆ ದಾರಿ ಮುಚ್ಚುತ್ತದೆ. ಮೊದಲ ಮಳೆಗಾಲದಲ್ಲೇ ಪದರದಡಿ ಹಾಲಿನಂಥ ಬಿಳಿ ಮಬ್ಬು ಕಾಣುತ್ತದೆ, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ತೆಗೆಯಬೇಕೆಂದರೆ ಪದರ ಸಡಿಲಿಸುವ ಸ್ಟ್ರಿಪ್ಪರ್ ದ್ರಾವಣ ಹಾಕಿ ಕೆರೆಯಬೇಕು, ಹಾಕಿಸಿದ ಖರ್ಚಿಗಿಂತ ಅದೇ ಜಾಸ್ತಿ. ಸಾಲದ್ದಕ್ಕೆ ಜಗಲಿಯಲ್ಲಿ ನೀರು ಬಿದ್ದರೆ ವಿಪರೀತ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಅದೊಂದೇ ಕಾರಣ ಸಾಕು.

ನಿಮಗೆ ಬೇಕಿರುವುದು ಕಲ್ಲಿನೊಳಗೆ ಇಳಿಯುವ ಸೀಲರ್, ಅಂದರೆ ನೀರು, ಕಲೆ ಒಳಗೆ ಹೋಗದಂತೆ ತಡೆಯುವ ದ್ರಾವಣ. ಡಬ್ಬಿಯ ಮೇಲೆ ಇಂಪ್ರೆಗ್ನೇಟರ್ ಅಥವಾ ಪೆನೆಟ್ರೇಟಿಂಗ್ ಎಂದಿರುತ್ತದೆ. ಇದರಲ್ಲೇ ಎರಡು ಬಗೆ: ಬಣ್ಣ ಬದಲಿಸದ ಸಾದಾ ಸೀಲರ್, ಮತ್ತು ಒದ್ದೆ ಕಲ್ಲಿನಂತೆ ಬಣ್ಣ ಗಾಢ ಮಾಡುವ ಕಲರ್ ಎನ್‌ಹ್ಯಾನ್ಸರ್. ಟೆನಾಕ್ಸ್ ಕಂಪನಿಯ ಏಜರ್ ಎರಡನೆಯ ಬಗೆಯದು. ಸಾದಾ ಸೀಲರ್‌ನಲ್ಲಿ ಸೈಲೇನ್-ಸೈಲೋಕ್ಸೇನ್ ಎಂಬ ಸಿಲಿಕಾನ್ ರಾಸಾಯನಿಕಗಳು ಮಾತ್ರ ಇದ್ದರೆ ನೀರು ತಡೆಯುತ್ತದೆ, ಎಣ್ಣೆಯನ್ನು ಅಷ್ಟಾಗಿ ತಡೆಯುವುದಿಲ್ಲ. ಅಡುಗೆಮನೆಗೆ, ದೀಪದೆಣ್ಣೆ ಬೀಳುವ ದೇವರಮನೆಗೆ ಫ್ಲೋರೋ ಪಾಲಿಮರ್ ಇರುವುದನ್ನೇ ಕೇಳಿ ತನ್ನಿ, ಬೆಲೆ ಹೆಚ್ಚಾದರೂ ಸರಿ.

ಎನ್‌ಹ್ಯಾನ್ಸರ್ ಕೆಲಸ ಮಾಡುತ್ತದೋ ಇಲ್ಲವೋ ಎಂದು ಪುಕ್ಕಟೆಯಾಗಿ ತಿಳಿಯಬಹುದು. ಒಂದು ಚಪ್ಪಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೀರಿನ ಪಸೆ ಇರುವಾಗಲೇ ನೋಡಿ. ಆಗ ಕಾಣುವ ಬಣ್ಣವೇ ಹೆಚ್ಚುಕಡಿಮೆ ಕೊನೆಗೆ ಸಿಗುವ ಬಣ್ಣ. ಕಡಪಾ ಬೂದಿಯಾಗುವುದು ಹೆಚ್ಚಾಗಿ ಮೇಲ್ಮೈಯ ಸಣ್ಣ ಗೀರುಗಳಿಂದ ಬೆಳಕು ಚೆದುರುವುದರಿಂದ; ನೀರಾಗಲಿ ಎನ್‌ಹ್ಯಾನ್ಸರ್ ಆಗಲಿ ಆ ಗೀರು, ರಂಧ್ರಗಳನ್ನು ತುಂಬಿ ಕಪ್ಪನ್ನು ಮರಳಿ ತರುತ್ತದೆ. ಕನ್ನಡಿಯಂತೆ ಪಾಲಿಶ್ ಆದ ಗ್ರಾನೈಟ್ ಒದ್ದೆಯಾದರೂ ಸಾಮಾನ್ಯವಾಗಿ ಬಣ್ಣ ಬದಲಿಸುವುದಿಲ್ಲ, ಅಂಥ ಕಡೆ ಎನ್‌ಹ್ಯಾನ್ಸರ್‌ಗೆ ದುಡ್ಡು ಸುರಿಯಬೇಡಿ.

ಕಡಪಾ, ಶಹಾಬಾದ್, ಕೋಟಾ, ತಾಂಡೂರು ಎಲ್ಲವೂ ಸುಣ್ಣಕಲ್ಲಿನ ಜಾತಿ. ನಿಂಬೆರಸ, ಹುಣಸೆ, ಮೊಸರು ಬಿದ್ದರೆ ಮೇಲ್ಮೈ ಕರಗಿ ಮಂಕು ಮಚ್ಚೆಯಾಗುತ್ತದೆ. ಒಳಗಿಳಿಯುವ ಯಾವ ಸೀಲರ್ ಹಾಕಿದರೂ ಇದು ನಿಲ್ಲುವುದಿಲ್ಲ, ಏಕೆಂದರೆ ಇದು ಒಳಗೆ ಇಳಿದ ಕಲೆಯಲ್ಲ, ಕಲ್ಲೇ ತಿನ್ನಲ್ಪಟ್ಟಿರುವುದು. ತೆಳುವಾದ ಮಚ್ಚೆಯನ್ನು ಎನ್‌ಹ್ಯಾನ್ಸರ್ ಮರೆಮಾಡೀತು, ಆಳವಾದದ್ದಕ್ಕೆ ಮತ್ತೆ ಉಜ್ಜಿಸಿ ಪಾಲಿಶ್ ಮಾಡಿಸಬೇಕು. ಮೇಸ್ತ್ರಿಗಳು ಸಿಮೆಂಟ್ ಕಲೆ ತೆಗೆಯಲು ಆಸಿಡ್ ಸುರಿಯುತ್ತಾರಲ್ಲ, ಅದನ್ನು ಈ ಕಲ್ಲಿನ ಹತ್ತಿರವೂ ತರಲು ಬಿಡಬೇಡಿ. ಬುರುಬುರು ನೊರೆ ಬರುವುದು ಕೊಳೆ ಹೋಗುತ್ತಿರುವುದರಿಂದಲ್ಲ, ಕಲ್ಲು ಕರಗುತ್ತಿರುವುದರಿಂದ.

ಈಗ ತಯಾರಿ. 2 ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, 24 ಗಂಟೆ ಬಿಟ್ಟು ಎತ್ತಿ. ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಅಷ್ಟು ಜಾಗ ಕಪ್ಪಾಗಿದ್ದರೆ ಕಲ್ಲು ಇನ್ನೂ ಒದ್ದೆ, ಕೆಲಸ ಬೇಸಿಗೆಗೆ ಮುಂದೂಡಿ. ಸಂದುಗಳಲ್ಲಿ ಬಿಳಿ ಉಪ್ಪು ಹೂಬಿಡುತ್ತಿದ್ದರೂ ಹಾಗೆಯೇ: ಒಣ ಬ್ರಷ್‌ನಿಂದ ತೆಗೆಯುತ್ತಿರಿ, ಉಪ್ಪು ಬರುವುದು ನಿಂತ ಮೇಲೆ ಸೀಲ್ ಮಾಡಿ. ಹೊಸದಾಗಿ ಹಾಸಿದ ನೆಲವಾದರೆ ಕನಿಷ್ಠ 28 ದಿನ ಬಿಡಬೇಕು.

ಹಳೇ ಮೇಣ ಅಥವಾ ಎಣ್ಣೆ ಹಚ್ಚಿದ್ದರೆ ಮಿನರಲ್ ಟರ್ಪೆಂಟೈನ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಉಜ್ಜಿ, ಬಟ್ಟೆ ಹಳದಿಯಾಗುವುದು ನಿಲ್ಲುವವರೆಗೆ. ಮೇಣದ ಮೇಲೆ ಹಾಕಿದ ಸೀಲರ್ ಒಳಗಿಳಿಯುವುದೇ ಇಲ್ಲ. ಜಿಡ್ಡಿಗೆ ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ತೊಳೆದು, ಎರಡು ಸಲ ಬರೀ ನೀರಿನಿಂದ ಒರೆಸಿ, ಫ್ಯಾನ್ ಹಾಕಿ 2-3 ದಿನ ಒಣಗಿಸಿ.

ಹಚ್ಚುವ ಮೊದಲು ಬಾಗಿಲ ಹಿಂದಿನ ಒಂದು ಚಪ್ಪಡಿಯಲ್ಲಿ ಅರ್ಧಕ್ಕೆ ಮಾತ್ರ ಹಚ್ಚಿ ಎರಡು ದಿನ ನೋಡಿ. ಸಂದಿನ ಬಿಳಿ ಸಿಮೆಂಟ್ ಎನ್‌ಹ್ಯಾನ್ಸರ್ ಕುಡಿದು ಕೊಳಕು ಬಣ್ಣಕ್ಕೆ ತಿರುಗುತ್ತದೆ, ಅದೂ ಇಲ್ಲೇ ಗೊತ್ತಾಗುತ್ತದೆ. ಬೇಡವೆನಿಸಿದರೆ ಸಂದಿಗೆ ಮಾಸ್ಕಿಂಗ್ ಟೇಪ್ ಹಾಕಿ. ಕಲ್ಲಿನ ಸಾಂದ್ರತೆ ನೋಡಿಕೊಂಡು ಒಂದು ಲೀಟರ್ ಸುಮಾರು 100ರಿಂದ 200 ಚದರ ಅಡಿ ಬರುತ್ತದೆ, ಒರಟು ಶಹಾಬಾದ್‌ಗೆ ಕಡಿಮೆ ಅಂಕಿಯನ್ನೇ ಹಿಡಿಯಿರಿ.

ಗ್ಯಾಸ್ ಒಲೆ, ದೀಪ ಆರಿಸಿ, ಕಿಟಕಿ ತೆರೆದು, ಬಿಸಿಲು ಬೀಳದ ಹೊತ್ತಿನಲ್ಲಿ ಶುರು ಮಾಡಿ. 4 ಅಡಿ ಚದರ ಜಾಗಕ್ಕೆ ಹತ್ತಿ ಬಟ್ಟೆಯಿಂದ ತೆಳುವಾಗಿ ಸವರಿ, 10 ನಿಮಿಷ ಕುಡಿಯಲು ಬಿಡಿ, ನಡುವೆ ಒಣಗಿದ ಕಡೆ ಮತ್ತಷ್ಟು ಹಚ್ಚಿ. ಆಮೇಲೆ ಒಣ ಬಟ್ಟೆಯಿಂದ ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಕೈಯಿಟ್ಟರೆ ಏನೂ ಅಂಟಬಾರದು. ಹೆಚ್ಚಿನವರ ಕೆಲಸ ಕೆಡುವುದು ಇಲ್ಲೇ: ಇನ್ನಷ್ಟು ಮಿಂಚಲಿ ಎಂದು ಒರೆಸದೆ ಬಿಡುತ್ತಾರೆ, ಅದು ಅಂಟಂಟಾಗಿ ಒಣಗಿ ಧೂಳು ಹಿಡಿಯುತ್ತದೆ. ಹಾಗಾದರೆ ಅದೇ ಸೀಲರ್ ಸ್ವಲ್ಪ ಹಚ್ಚಿದರೆ ಹಳೆಯದು ಮೆತ್ತಗಾಗುತ್ತದೆ, ತಕ್ಷಣ ಒರೆಸಿ. ಒಂದು ದಿನ ಓಡಾಟ ಬೇಡ, ಮೂರು ದಿನ ನೀರು ಬೇಡ.

ಸೀಲರ್ ಬದಲು ಅಗಸೆ ಎಣ್ಣೆ ಹಚ್ಚಿ ಎಂದು ಕೆಲವರು ಹೇಳುತ್ತಾರೆ. ಅಗ್ಗ ನಿಜ, ಕಪ್ಪೂ ಬರುತ್ತದೆ. ಆದರೆ ದಪ್ಪವಾದರೆ ವಾರಗಟ್ಟಲೆ ಅಂಟುತ್ತದೆ, ಹಳದಿಗೆ ತಿರುಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹಚ್ಚುವುದೇ ಆದರೆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಕಾದು ಬೆಂಕಿ ಹತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿಡಿ ಅಥವಾ ಹೊರಗೆ ಬಿಡಿಸಿ ಒಣಹಾಕಿ.

ಆಮೇಲೆ ದಿನವೂ ಒರೆಸಲು ಅರ್ಧ ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರಾವಣ ಸಾಕು. ಟಾಯ್ಲೆಟ್ ಕ್ಲೀನರ್, ವಿನೆಗರ್ ಬೇಡ. ವರ್ಷಕ್ಕೊಮ್ಮೆ ಓಡಾಟ ಹೆಚ್ಚಿರುವ ಬಾಗಿಲ ಹತ್ತಿರ ನಾಲ್ಕು ಹನಿ ನೀರು ಬಿಟ್ಟು 5 ನಿಮಿಷದ ನಂತರ ಒರೆಸಿ ನೋಡಿ. ಅಡಿಯಲ್ಲಿ ಕಪ್ಪು ಗುರುತು ಉಳಿದರೆ ಅಷ್ಟು ಜಾಗಕ್ಕೆ ಮಾತ್ರ ಮತ್ತೊಂದು ಕೈ ಹಚ್ಚಿ.