ಒಂಬತ್ತು ದಿನ ಫೋನ್ ಬರಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ತಾಯಿಯ ಒಪ್ಪಿಗೆ ಪಡೆದು, ಹುಡುಗನಿಗೂ ಓದಿ ಹೇಳಿದ ಮೇಲೆ ಇದನ್ನು ಇಲ್ಲಿ ಕೊಡುತ್ತಿದ್ದೇನೆ.)

"ಸೋಮವಾರ. ಅಮ್ಮ ಬಾಗಿಲು ಮುಚ್ಚಿಕೊಂಡು 14 ನಿಮಿಷ ಮಾತನಾಡಿದರು. ಹೊರಗೆ ಬಂದಾಗ ಮುಖ ತೊಳೆದಿದ್ದರು."

"ಬುಧವಾರ. ನಾನು ಒಳಗೆ ಬಂದ ಕೂಡಲೇ ಅಜ್ಜಿ ಟಿವಿ ಆರಿಸಿದರು."

"ಶುಕ್ರವಾರ. ಅಪ್ಪನ ಫೋನ್ ಇಲ್ಲ. ಒಂಬತ್ತನೆಯ ದಿನ."

ಹನ್ನೊಂದು ವರ್ಷದ ಹುಡುಗನ ನೋಟ್‌ಬುಕ್ಕು ಅದು. ಪುಟದ ಕೊನೆಯಲ್ಲಿ ಎರಡು ಗೆರೆ ಎಳೆದು ಬರೆದಿದ್ದ: "ತೀರ್ಮಾನ: ಅಪ್ಪನಿಗೆ ಏನೋ ಆಗಿದೆ. ಎಲ್ಲರೂ ಮುಚ್ಚಿಡುತ್ತಿದ್ದಾರೆ." ಹಾಸಿಗೆಯ ಕೆಳಗೆ ಸಿಕ್ಕಿದ್ದನ್ನು ತಾಯಿ ತಂದು ನನ್ನ ಮೇಜಿನ ಮೇಲೆ ಇಟ್ಟರು.

ತಂದೆ ಸೈನಿಕ. ಎಂಟು ತಿಂಗಳಿಂದ ಮುಂಚೂಣಿಯಲ್ಲಿದ್ದಾರೆ. ಜಾಗದ ಹೆಸರು ಮನೆಯವರಿಗೂ ಗೊತ್ತಿಲ್ಲ. ಹುಡುಗನಿಗೆ ಇದು ನಾಲ್ಕನೆಯ ಶಾಲೆ. ಕ್ರೈಸ್ತ ಕುಟುಂಬ, ಪ್ರತಿ ರಾತ್ರಿ ಕೂಡಿ ಪ್ರಾರ್ಥಿಸುವ ಮನೆ. ಮಗ ಅಮ್ಮನ ಫೋನು, ಕಪಾಟು ಎಲ್ಲವನ್ನೂ ಶೋಧಿಸುತ್ತಾನೆ, ರಾತ್ರಿಯ ಊಟವನ್ನು ಗುಟ್ಟಾಗಿ ಬಿಡುತ್ತಾನೆ, ತರಗತಿಯಲ್ಲಿ ನಿದ್ದೆ ಹೋಗುತ್ತಾನೆ ಎಂಬುದು ತಾಯಿಯ ದೂರು. ಇದಕ್ಕೆಲ್ಲ ಅವರು ಕೊಟ್ಟ ಕಾರಣ ಪುಸ್ತಕಗಳು. ಚಿಕ್ಕಮ್ಮ ಅವನಿಗೆ ಮಕ್ಕಳ ಕ್ರೈಸ್ತ ಪತ್ತೇದಾರಿ ಕಥೆಗಳ ಒಂದು ಕಟ್ಟು ಕೊಟ್ಟಿದ್ದರು. ಸೈನಿಕರ ವಸತಿಯಲ್ಲಿ ಬೆಳೆಯುವ ಮಕ್ಕಳೇ ಅವುಗಳ ನಾಯಕರು. ಅವರ ಚರ್ಚಿನ ಹಿರಿಯರೊಬ್ಬರು, ಪತ್ತೇದಾರಿ ಕಥೆಗಳು ಮಗುವಿನಲ್ಲಿ ಸಂಶಯ ಬಿತ್ತುತ್ತವೆ ಎಂದಿದ್ದರಂತೆ.

"ಪುಸ್ತಕಗಳನ್ನು ಎತ್ತಿಟ್ಟುಬಿಡಲೇ ಮೇಡಂ?"

ಒಂದು ವಾರ ಹಾಗೆಯೇ ಬಿಡಿ ಎಂದೆ. ಆ ವಾರ ನಾನೂ ಅವನ್ನು ಓದಿದೆ.

ಹೆಚ್ಚಿನವು ಒಳ್ಳೆಯ ಕಥೆಗಳು. ಅಪ್ಪ ಇಲ್ಲದ ಹುಟ್ಟುಹಬ್ಬ, ಗೆಳೆಯರಾಗುವಷ್ಟರಲ್ಲಿ ಬರುವ ವರ್ಗಾವಣೆ, ಪೆಟ್ಟಿಗೆಗಳಲ್ಲಿಯೇ ಉಳಿಯುವ ಆಟಿಕೆಗಳು: ಬೇರೆ ಮಕ್ಕಳಿಗೆ ವಿವರಿಸಿ ಹೇಳಬೇಕಾದ ಸಂಗತಿಗಳನ್ನು ಈ ಹುಡುಗ ಅಲ್ಲಿ ವಿವರಣೆಯಿಲ್ಲದೆ ಓದಿದ್ದ. ಜೊತೆಗೆ, ಕೈಮೀರಿದ ಬದುಕಿನಲ್ಲಿ ಸುಳಿವು ಹುಡುಕುವುದು ಮಗುವಿಗೆ ತನ್ನ ಕೈಲಾಗುವ ಒಂದು ಕೆಲಸ. ಆ ಓದನ್ನು ಕಿತ್ತುಕೊಂಡರೆ ಭಯ ಉಳಿಯುತ್ತದೆ, ಅದನ್ನು ಹಿಡಿಯುವ ಪಾತ್ರೆ ಮಾತ್ರ ಹೋಗುತ್ತದೆ.

ಒಂದು ಪುಸ್ತಕ ಮಾತ್ರ ನನ್ನನ್ನು ಕಳವಳಗೊಳಿಸಿತು. ಅದರಲ್ಲಿ ಹುಡುಗಿಯೊಬ್ಬಳು ಊಟ ಬಿಟ್ಟು ರಾತ್ರಿಯಿಡೀ ಪ್ರಾರ್ಥಿಸುತ್ತಾಳೆ. ಬೆಳಿಗ್ಗೆ ಸುಳಿವೊಂದು ಹೊಳೆಯುತ್ತದೆ. ಕಾಣೆಯಾಗಿದ್ದ ಸೈನಿಕ ತಂದೆ ಸಿಗುತ್ತಾನೆ. ಹುಡುಗ ಊಟ ಬಿಡುತ್ತಿದ್ದುದು ಯಾಕೆಂದು ಅಲ್ಲಿಗೆ ಗೊತ್ತಾಯಿತು. ಮರುಭೇಟಿಯಲ್ಲಿ ಕೇಳಿದಾಗ ತಲೆ ತಗ್ಗಿಸಿ ಹೇಳಿದ: "ನಾನು ಮಧ್ಯದಲ್ಲಿ ನಿದ್ದೆ ಮಾಡಿಬಿಡುತ್ತೇನೆ ಆಂಟಿ. ಅದಕ್ಕೇ ಅಪ್ಪನ ಫೋನ್ ಬರುತ್ತಿಲ್ಲ."

ತಂದೆಯ ಜೀವವನ್ನು ತನ್ನ ಎಚ್ಚರದ ಮೇಲೆ ಹೊತ್ತು ಕುಳಿತ ಮಗು. ಎಷ್ಟೋ ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಆ ಮಾತಿಗೆ ತಕ್ಷಣ ಉತ್ತರ ಕೊಡಲು ನನಗೆ ಆಗಲಿಲ್ಲ.

ಈ ವಿಷಯದಲ್ಲಿ ನನ್ನ ನಿಲುವು ಗಟ್ಟಿಯಾಗಿದೆ: ಮಕ್ಕಳ ಪತ್ತೇದಾರಿ ಕಥೆಯಲ್ಲಿ ಪ್ರಾರ್ಥನೆಯಿಂದ ರಹಸ್ಯ ಬಿಡಿಸಬಾರದು. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಕ್ಯಾಥೊಲಿಕ್ ಪಾದ್ರಿ ಸ್ವತಃ ಪತ್ತೇದಾರಿ ಕಥೆಗಾರ. 1929ರಲ್ಲಿ ಅವರು ಇಂಥ ಕಥೆಗಳಿಗೆ 10 ನಿಯಮಗಳನ್ನು ಬರೆದರು. ದೈವಿಕ ಅಥವಾ ಅಲೌಕಿಕ ಶಕ್ತಿಯಿಂದ ರಹಸ್ಯ ಬಿಡಿಸಬಾರದು, ಆಕಸ್ಮಿಕವಾಗಲಿ ಕಾರಣ ಹೇಳಲಾಗದ ಒಳಹೊಳಹಾಗಲಿ ಪತ್ತೇದಾರನಿಗೆ ನೆರವಾಗಬಾರದು ಎಂಬುವೂ ಅವುಗಳಲ್ಲಿ ಸೇರಿವೆ. ನಾಕ್ಸ್ ಬರೆದದ್ದು ಓದುಗನಿಗೆ ಮೋಸವಾಗಬಾರದೆಂದು. ಸೈನಿಕನ ಮಗುವಿನ ವಿಷಯಕ್ಕೆ ಬಂದರೆ ಆ ನಿಯಮ ಇನ್ನೂ ದೊಡ್ಡ ಕಾರಣಕ್ಕೆ ಬೇಕು. ಪ್ರಾರ್ಥನೆಯೇ ಸುಳಿವು ಕೊಡುವ ಸಾಧನವಾದರೆ, ಉತ್ತರ ಸಿಗದ ಮಗು ತನ್ನನ್ನೇ ಅಪರಾಧಿಯೆಂದು ಬರೆದುಕೊಳ್ಳುತ್ತದೆ.

ಇನ್ನು ನೋಟ್‌ಬುಕ್ಕಿನ ತೀರ್ಮಾನ. ತಾಯಿಯೊಡನೆ ಒಂಟಿಯಾಗಿ ಮಾತನಾಡಿದಾಗ ನಿಜ ಹೊರಬಂತು. ತಂದೆ ಕ್ಷೇಮವಾಗಿದ್ದರು. ಅವರ ತುಕಡಿಯ ಇನ್ನೊಬ್ಬರು ಸತ್ತಿದ್ದರು. ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದ್ದವರು ಅವರು. ಕೆಲವು ಸೇನೆಗಳಲ್ಲಿ ಇಂಥ ಸಾವು ಸಂಭವಿಸಿದಾಗ ಮೃತರ ಮನೆಗೆ ಸುದ್ದಿ ತಲುಪುವವರೆಗೆ ಸೈನಿಕರ ಫೋನು, ಇಂಟರ್ನೆಟ್ಟು ನಿಲ್ಲಿಸುತ್ತಾರೆ. ಇಲ್ಲಿ ಆ ಮೌನ, ಬೇರೆ ಕಾರಣಗಳೂ ಸೇರಿ, ಒಂಬತ್ತು ದಿನ ಎಳೆದಿತ್ತು. ಮಗನಿಗೆ ಹೇಗೆ ಹೇಳುವುದೆಂದು ತಿಳಿಯದೆ ತಾಯಿ ಬಾಗಿಲು ಮುಚ್ಚಿ ಅಳುತ್ತಿದ್ದರು.

ಅಂದರೆ ಹುಡುಗನ ಸಾಕ್ಷ್ಯಗಳೆಲ್ಲ ಸರಿ. ಮುಚ್ಚಿಡುತ್ತಿದ್ದಾರೆ ಎಂಬುದೂ ಸರಿ. ತಪ್ಪಿದ್ದು ತೀರ್ಪು ಮಾತ್ರ. "ನಿಮ್ಮ ಮಗನಿಗೆ ಸಂಶಯದ ರೋಗವಿಲ್ಲ, ಅವನಿಗೆ ಬೇಕಾದ ಸಂಗತಿ ಸಿಕ್ಕಿಲ್ಲ. ನೀವೇ ಹೇಳಬೇಕು, ನಾನು ಪಕ್ಕದಲ್ಲಿರುತ್ತೇನೆ" ಎಂದೆ.

ಅವರು ಹೇಳಿದರು. "ಕಳೆದುಕೊಂಡೆವು", "ದೇವರ ಬಳಿ ಹೋದರು" ಎಂದು ಸುತ್ತಿ ಹೇಳದೆ "ಸತ್ತರು" ಎಂದೇ ಹೇಳುವಂತೆ ನಾವು ಮೊದಲೇ ಅಭ್ಯಾಸ ಮಾಡಿದ್ದೆವು. ಹುಡುಗ ಬಹಳ ಹೊತ್ತು ಅತ್ತ. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಅವರ ಮನೆಯವರು ಪ್ರಾರ್ಥನೆ ಮಾಡಿರಲಿಲ್ಲವೇ?"

ಈ ಪ್ರಶ್ನೆಯಿಂದ ದೊಡ್ಡವರು ಓಡಿಹೋಗುತ್ತಾರೆ. ನಾನು ಬೋಧಕಿಯಲ್ಲ, ಆದರೆ ಆ ಕುಟುಂಬದ ಭಾಷೆ ಸತ್ಯವೇದದ್ದು (ಬೈಬಲಿನದು), ಅದರೊಳಗಿಂದಲೇ ಮಾತನಾಡಬೇಕಿತ್ತು. ತಾಯಿಯಿಂದ ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯವನ್ನು ಓದಿಸಿದೆ. ಅರಸ ಹೆರೋದನು ಯೇಸುವಿನ ಶಿಷ್ಯರಲ್ಲೊಬ್ಬನಾದ, ಯೋಹಾನನ ಸಹೋದರ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಇನ್ನೊಬ್ಬ ಶಿಷ್ಯ ಪೇತ್ರನು ಸೆರೆಮನೆಯಿಂದ ಬಿಡುಗಡೆಯಾಗಿ ಬಂದು ಕದ ತಟ್ಟುತ್ತಾನೆ. ರೋದೆ ಎಂಬ ಹುಡುಗಿ ಅವನ ಧ್ವನಿಯನ್ನು ಗುರುತಿಸಿದರೂ ಒಳಗೆ ಪ್ರಾರ್ಥಿಸುತ್ತಿದ್ದವರು ನಂಬುವುದಿಲ್ಲ. ಯಾಕೋಬನಿಗಾಗಿ ಯಾರೋ ಕಡಿಮೆ ಪ್ರಾರ್ಥಿಸಿದರು ಎಂದು ಆ ಅಧ್ಯಾಯ ಎಲ್ಲಿಯೂ ಹೇಳುವುದಿಲ್ಲ. ಹುಡುಗ ಆ ಸಾಲುಗಳನ್ನು ತಾನೇ ಮತ್ತೆ ಹುಡುಕಿದ. "ಹೌದು, ಬರೆದಿಲ್ಲ" ಎಂದ.

ಇನ್ನೊಂದು ದಿನ ಬೇರೆ ಯಾಕೋಬನ ಕಥೆಗೆ ಹೋದೆವು. ಕನ್ನಡ ಸತ್ಯವೇದದಲ್ಲಿ ಇಬ್ಬರಿಗೂ ಒಂದೇ ಹೆಸರಿರುವುದರಿಂದ ಮೊದಲು ಅದನ್ನು ಬಿಡಿಸಬೇಕಾಯಿತು. ಆದಿಕಾಂಡದ 37ನೆಯ ಅಧ್ಯಾಯದಲ್ಲಿ ರಕ್ತದಲ್ಲಿ ಅದ್ದಿದ ಅಂಗಿಯನ್ನು ನೋಡಿ ತಂದೆ ಯಾಕೋಬ, ಮಗ ಯೋಸೇಫನನ್ನು ಕಾಡುಮೃಗ ಕೊಂದಿತು ಎಂದು ತೀರ್ಮಾನಿಸುತ್ತಾನೆ. ಅಂಗಿ ಯೋಸೇಫನದೇ, ರಕ್ತವೂ ನಿಜ, ಆದರೆ ಅದು ಮೇಕೆಯದು. ಅಣ್ಣಂದಿರು ಮಾರಿಬಿಟ್ಟಿದ್ದ ಯೋಸೇಫ ಈಜಿಪ್ಟಿನಲ್ಲಿ ಬದುಕಿದ್ದ. ಯೋಸೇಫನಿಗೆ ಆಗ 17, ಅಲ್ಲಿನ ಅರಸ ಫರೋಹನ ಮುಂದೆ ನಿಂತಾಗ 30, ಅನಂತರ ಸುಭಿಕ್ಷದ 7 ವರ್ಷ, ಬರದ 2 ವರ್ಷ ಕಳೆದ ಮೇಲೆ ತಂದೆ ಮಗ ಮತ್ತೆ ಸೇರಿದರು. ಹುಡುಗನೇ ಲೆಕ್ಕ ಹಾಕಿದ: 22 ವರ್ಷ ಒಬ್ಬ ತಂದೆ ತಪ್ಪು ತೀರ್ಪಿನೊಂದಿಗೆ ಅತ್ತ.

ಅಲ್ಲಿಯೇ ಅವನ ಕಣ್ಣು ಮಿನುಗಿತು. "ಹಾಗಾದರೆ ಅಪ್ಪನೂ ಖಂಡಿತ ಬರುತ್ತಾರೆ!"

"ಹೌದು" ಎನ್ನಲು ನನಗೆ ತುಂಬ ಆಸೆಯಾಯಿತು. ಹೇಳಲಿಲ್ಲ. "ನಿನ್ನೆ ರಾತ್ರಿ ಅಪ್ಪನ ಫೋನ್ ಬಂತು, ಚೆನ್ನಾಗಿದ್ದಾರೆ. ಅಷ್ಟು ನಮಗೆ ಗೊತ್ತು. ನಾಳೆಯದು ಅಮ್ಮನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಾದದ್ದನ್ನು ನಿನ್ನಿಂದ ಮುಚ್ಚಿಡುವುದಿಲ್ಲ" ಎಂದೆ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ಎರಡು ಸಾಲು ಮಾಡಿದ: "ಗೊತ್ತಿದೆ", "ಇನ್ನೂ ಗೊತ್ತಿಲ್ಲ". ಎರಡನೆಯದರ ಕೆಳಗೆ ತೀರ್ಮಾನ ಬರೆಯುವುದಿಲ್ಲವೆಂದು ಒಪ್ಪಂದವಾಯಿತು.

ಈ "ಇನ್ನೂ ಗೊತ್ತಿಲ್ಲ" ಎಂಬುದರ ಭಾರವನ್ನು ಮನಶ್ಶಾಸ್ತ್ರವೂ ಸೈನಿಕ ಕುಟುಂಬಗಳಿಂದಲೇ ಕಲಿಯಿತು. ಅಮೆರಿಕದ ಸಂಶೋಧಕಿ ಪಾಲೀನ್ ಬಾಸ್ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವಿಮಾನ ಚಾಲಕರ ಕುಟುಂಬಗಳನ್ನು ಅಧ್ಯಯನ ಮಾಡಿ, ಇಂಥ ಅಸ್ಪಷ್ಟ ಅಗಲಿಕೆಗೆ ಹೆಸರು ಕೊಟ್ಟರು. ಅದು ಎರಡು ಬಗೆ: ದೇಹ ದೂರವಿದ್ದು ಮನಸ್ಸಿನಲ್ಲಿ ಉಳಿದವರು ಒಂದು, ದೇಹ ಎದುರಿಗಿದ್ದೂ ಮನಸ್ಸು ದೂರವಾದವರು ಇನ್ನೊಂದು. ಎರಡನೆಯದನ್ನು ತಾಯಿಗೆ ನಾನು ಒತ್ತಿ ಹೇಳಿದೆ. ಮರಳಿ ಬಂದ ತಂದೆ ಊಟದ ಮೇಜಿನಲ್ಲಿ ಮೌನವಾಗಿ ಕುಳಿತರೆ, ಈ ಹುಡುಗ ಹೊಸ ತನಿಖೆ ಆರಂಭಿಸುತ್ತಾನೆ, ಮತ್ತೆ ತನ್ನನ್ನೇ ಅಪರಾಧಿ ಎಂದುಕೊಳ್ಳುವ ಸಾಧ್ಯತೆ ಇದೆ.

ತಾಯಿಗೆ ಕೊಟ್ಟ ಸಲಹೆ ಹೀಗಿತ್ತು. ಪುಸ್ತಕಗಳು ಮನೆಯಲ್ಲಿಯೇ ಇರಲಿ, ಕಳವಳ ತಂದ ಆ ಒಂದನ್ನೂ ಬಚ್ಚಿಡಬೇಡಿ. ಕೂಡಿ ಓದಿ, ಆ ಹುಡುಗಿ ಊಟ ಬಿಡದಿದ್ದರೆ ದೇವರು ಅವಳನ್ನು ಕಡಿಮೆ ಪ್ರೀತಿಸುತ್ತಿದ್ದನೇ ಎಂದು ಕೇಳಿ. ಮಕ್ಕಳ ಉಪವಾಸ ಬೇಡ. ಈ ಮಾತನ್ನು ಪಾಸ್ಟರ್ ಬಾಯಿಂದಲೇ ಅವನಿಗೆ ಹೇಳಿಸಿ. (ಅವರು ಬಹಳ ಅಕ್ಕರೆಯಿಂದ ಹೇಳಿದರು.) ರಾತ್ರಿಯ ಪ್ರಾರ್ಥನೆ ಚಿಕ್ಕದಾಗಿರಲಿ, ದೀಪ ಆರಿದ ಮೇಲೆ ಅಪ್ಪನ ಕಾವಲು ದೊಡ್ಡವರದು ಎಂದು ಬಾಯಿಬಿಟ್ಟು ಹೇಳಿ. ವಾರಕ್ಕೊಮ್ಮೆ ಅವನು ಏನು ಬೇಕಾದರೂ ಕೇಳಬಹುದಾದ ಅರ್ಧ ಗಂಟೆ ಇರಲಿ. "ಅದನ್ನು ಹೇಳಲು ನನಗೆ ಅನುಮತಿಯಿಲ್ಲ" ಎಂಬುದೂ ಪ್ರಾಮಾಣಿಕ ಉತ್ತರವೇ. ತಂದೆ ಸಾಧ್ಯವಾದಾಗ ಒಂದೊಂದು ಅಧ್ಯಾಯವನ್ನು ಓದಿ ಧ್ವನಿಮುದ್ರಿಸಿ ಕಳುಹಿಸಲಿ.

ಮುಂದಿನ ಪುಸ್ತಕ ಆರಿಸುವುದು ಹೇಗೆ ಎಂದು ಚಿಕ್ಕಮ್ಮ ಕೇಳಿ ಕಳುಹಿಸಿದ್ದರು. ಕಳುವಾದದ್ದು ಸಿಗಲಿ, ಕದ್ದವರು ಯಾರೆಂದು ಸುಳಿವುಗಳಿಂದಲೇ ತಿಳಿಯಲಿ. ಕದ್ದವರನ್ನು ಮಕ್ಕಳು ಹೇಗೆ ನಡೆಸಿಕೊಳ್ಳುತ್ತಾರೆ ಎಂಬಲ್ಲಿ ವಿಶ್ವಾಸ ಕಾಣಲಿ: ಒಪ್ಪಿಕೊಳ್ಳುವುದು, ಹಿಂದಿರುಗಿಸುವುದು, ಕ್ಷಮಿಸುವುದು. ಕಥೆಯಲ್ಲಿ ತಂದೆ ಯುದ್ಧಭೂಮಿಯಲ್ಲಿದ್ದರೆ, ಕೊನೆಯ ಪುಟದಲ್ಲಿಯೂ ಅಲ್ಲಿಯೇ ಇರಬಹುದು. ಅಂಥ ಮುಗಿತಾಯವನ್ನು ಈ ಮಕ್ಕಳು ನಂಬುತ್ತಾರೆ.

ಎರಡು ತಿಂಗಳ ಹೊತ್ತಿಗೆ ಹುಡುಗ ಊಟ ಬಿಡುವುದನ್ನು ನಿಲ್ಲಿಸಿದ್ದ. ಫೋನ್ ಶೋಧಿಸುವುದು ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ತಂದೆ ರಜೆಯ ಮೇಲೆ ಬರುವ ದಿನ ಗೊತ್ತಾಗಿದೆ. ಬಂದ ಮೂರನೆಯ ವಾರಕ್ಕೆ ಮೂವರಿಗೂ ಸಮಯ ಕೊಟ್ಟಿದ್ದೇನೆ. ನೋಟ್‌ಬುಕ್ಕನ್ನು ಅಪ್ಪನಿಗೆ ತೋರಿಸಬಹುದೇ ಎಂದು ಹುಡುಗ ಕೇಳಿದ್ದಾನೆ. ತೋರಿಸು, ಮೊದಲ ಪುಟದಿಂದಲೇ ತೋರಿಸು ಎಂದಿದ್ದೇನೆ.